ಥಿಂಕ್‌ಪ್ಯಾಡ್ ಟಿ480: ಮಂಡ್ಯದ ಕರೆಂಟಿಗೂ ದೂಳಿಗೂ ತಡೆದುಕೊಂಡ ಹಳೇ ಲ್ಯಾಪ್‌ಟಾಪ್

ಲೆನೊವೊ ಥಿಂಕ್‌ಪ್ಯಾಡ್ ಟಿ480 2018ರ ಮಾದರಿ. ಕಂಪನಿಗಳು ಬಳಸಿ ಬಿಟ್ಟವು ಈಗ ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಮೈಸೂರು, ಮಂಡ್ಯದಲ್ಲೂ ಸಿಗುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿಕೊಳ್ಳುವವರೂ ಇದ್ದಾರೆ. ಮಂಡ್ಯದಲ್ಲಿ ಕನ್ನಡ ಟೈಪಿಂಗ್, ಲೆಕ್ಕಪತ್ರ, ಆನ್‌ಲೈನ್ ಪಾಠ ಅಂತ ವರ್ಷಗಟ್ಟಲೆ ದುಡಿಸಿದ ಮೇಲೆ ಬರೆದ ವಿಮರ್ಶೆ ಇದು. ಕೊಳ್ಳಬಹುದು, ಧಾರಾಳವಾಗಿ. ಆದರೆ ಪರದೆ, ಬ್ಯಾಟರಿ, ಟೈಪ್-ಸಿ ಪೋರ್ಟ್ ನೋಡದೆ ದುಡ್ಡು ಕೊಡಬೇಡಿ.

ಮೊದಲು ಪ್ರೊಸೆಸರ್. ಮೇಲೆ ಟಿ480 ಎಂದು ಬರೆದಿದೆ ಅಂತ ಸುಮ್ಮನಾಗದೆ, ಟಾಸ್ಕ್ ಮ್ಯಾನೇಜರ್ ತೆರೆದು ಐ5-8250ಯು ಅಥವಾ 8350ಯು ಎಂದಿದೆಯೇ ನೋಡಿ. ಇಂಟೆಲ್ 8ನೇ ತಲೆಮಾರಿನ ಇವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುತ್ತದೆ. ಹೊರಗಿನಿಂದ ಹೆಚ್ಚುಕಡಿಮೆ ಹೀಗೇ ಕಾಣುವ ಟಿ470ರಲ್ಲಿ ಬರುವ 7200ಯುಗೆ ಸಿಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಒಂದೆರಡು ಸಾವಿರ ಕಡಿಮೆ ಅಂತ 7ನೇ ತಲೆಮಾರಿನದ್ದಕ್ಕೆ ಹೋಗಬೇಡಿ.

ಕರೆಂಟ್ ಹೋಗಿ ಬರುವ ಊರಿಗೆ ಇದರ ಎರಡು ಬ್ಯಾಟರಿಯ ವ್ಯವಸ್ಥೆಯೇ ದೊಡ್ಡ ವರ. ಒಳಗೊಂದು 24 ವಾಟ್-ಅವರ್ ಬ್ಯಾಟರಿ, ಹಿಂಭಾಗದಲ್ಲಿ ಕಳಚಿ ಹಾಕುವ ಇನ್ನೊಂದು. ಹೊರಗಿನದ್ದು 24, 48, 72 ವಾಟ್-ಅವರ್ ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಕ್ರಮವಾಗಿ 61, 61+, 61++ ಎಂದು ಅದರ ಮೇಲೇ ಇರುತ್ತದೆ. ಮೊದಲು ಖರ್ಚಾಗುವುದು ಹೊರಗಿನದು. ಅದು ಖಾಲಿಯಾದಾಗ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಕಳಚಿ ಬೇರೊಂದನ್ನು ಹಾಕಬಹುದು, ಅಷ್ಟು ಹೊತ್ತು ಒಳಗಿನದು ನಡೆಸಿಕೊಡುತ್ತದೆ. ಸವೆತವೂ ಹೆಚ್ಚಾಗಿ ಹೊರಗಿನದ್ದಕ್ಕೇ ಬೀಳುವುದರಿಂದ ಬದಲಾಯಿಸಲು ಸ್ಕ್ರೂಡ್ರೈವರ್ ಕೂಡ ಬೇಡ.

ಅಂಗಡಿಯಲ್ಲಿ ನಿಂತೇ ಬ್ಯಾಟರಿ ಪರೀಕ್ಷೆ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂದು ಹೊಡೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿದರೆ ಒಂದು ಫೈಲ್ ಬರುತ್ತದೆ. ಅದರಲ್ಲಿ ಎರಡೂ ಬ್ಯಾಟರಿಯ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಬೇರೆಬೇರೆಯಾಗಿ ಇರುತ್ತವೆ. ಎರಡನೆಯದು ಮೊದಲನೆಯದರ ಶೇ 60ಕ್ಕಿಂತ ಕೆಳಗಿದ್ದರೆ ಬ್ಯಾಟರಿಯ ದುಡ್ಡು ಕಳೆದು ಚೌಕಾಸಿ ಮಾಡಿ. ಟಚ್‌ಪ್ಯಾಡ್ ಒತ್ತಿದಾಗ ಗಟ್ಟಿ ಅನ್ನಿಸಿದರೆ, ಇಲ್ಲವೇ ಕೆಳಗಿನ ಮುಚ್ಚಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿರುವ ಸಾಧ್ಯತೆ ಇದೆ. ಅಂಥದ್ದನ್ನು ಮುಟ್ಟಲೇಬೇಡಿ. ತಂದ ಮೇಲೆ ಲೆನೊವೊ ಕಂಪನಿಯದ್ದೇ ಆ್ಯಪ್ ಆದ ಲೆನೊವೊ ವ್ಯಾಂಟೇಜ್‌ನಲ್ಲಿ ಚಾರ್ಜ್ 75ಕ್ಕೆ ಶುರು, 80ಕ್ಕೆ ನಿಲುಗಡೆ ಎಂದು ಇಡಿ. ದಿನವಿಡೀ ಪ್ಲಗ್‌ನಲ್ಲೇ ಇಟ್ಟು ಬಳಸುವವರ ಬ್ಯಾಟರಿ ಬೇಗ ಸಾಯುವುದು ಸದಾ ಶೇ 100ರಲ್ಲಿ, ಬಿಸಿಯಲ್ಲಿ ಕೂತಿರುವುದರಿಂದ.

ಇನ್ನು ಟೈಪ್-ಸಿ. ಎರಡು ಪೋರ್ಟ್ ಇವೆ, ಎರಡರಲ್ಲೂ ಚಾರ್ಜರ್ ಹಾಕಿ ನೋಡಿ, ಕೇಬಲ್ಲನ್ನು ಹಗುರವಾಗಿ ಅಲ್ಲಾಡಿಸಿಯೂ ನೋಡಿ. ಪೋರ್ಟ್ ನೇರವಾಗಿ ಮದರ್‌ಬೋರ್ಡ್‌ಗೆ ಬೆಸುಗೆಯಾಗಿರುವುದರಿಂದ, ಮಂಚದ ಮೇಲೆ ಇಟ್ಟು ಕೇಬಲ್ ಎಳೆದಾಡಿದ್ದರೆ ಬೆಸುಗೆ ಬಿಟ್ಟಿರುತ್ತದೆ. ಅದಕ್ಕೆ ಚಿಪ್ ಲೆವೆಲ್ ಸರ್ವಿಸ್‌ನವರೇ ಬೇಕು. ಇನ್ನೊಂದು ಕುಂದು ಈ ಮಾದರಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು: ಎರಡು ಟೈಪ್-ಸಿಗಳಲ್ಲಿ ಒಂದು ಥಂಡರ್‌ಬೋಲ್ಟ್ ಎಂಬ ಹೆಚ್ಚು ವೇಗದ ಪೋರ್ಟ್; ಅದರ ಹಳೆಯ ಫರ್ಮ್‌ವೇರ್‌ನಲ್ಲಿನ (ಚಿಪ್ಪಿನೊಳಗಿನ ತಂತ್ರಾಂಶ) ದೋಷದಿಂದ ಆ ಪೋರ್ಟ್ ಕ್ರಮೇಣ ಕೈಕೊಡಬಹುದು. ಲೆನೊವೊ ಇದಕ್ಕೆ ಅಪ್‌ಡೇಟ್ ಕೊಟ್ಟಿದೆ. ತಂದ ದಿನವೇ ಬೇರೆ ಕೆಲಸ ಬಿಟ್ಟು ಅದನ್ನು ಹಾಕಿ. ಚಾರ್ಜರ್ 65 ವಾಟ್, 20 ವೋಲ್ಟ್, 3.25 ಆಂಪಿಯರ್ ಇರಲಿ. ಮೊಬೈಲಿನ ಫಾಸ್ಟ್ ಚಾರ್ಜರ್‌ಗಳಲ್ಲಿ ಬಹಳಷ್ಟು 20 ವೋಲ್ಟ್ ಕೊಡುವುದಿಲ್ಲ, ಲೇಬಲ್ ಓದಿಯೇ ಚುಚ್ಚಿ. ಯಂತ್ರ ಇದ್ದಕ್ಕಿದ್ದಂತೆ ಆಮೆಯಂತಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 0.39 ಗಿಗಾಹರ್ಟ್ಸ್‌ಗೆ ಕಚ್ಚಿಕೊಂಡರೆ, ವಿಂಡೋಸ್ ಮತ್ತೆ ಹಾಕಿಸುವ ಮೊದಲು ಚಾರ್ಜರ್ ಬದಲಿಸಿ ನೋಡಿ.

ದೂಳಿನ ಕಾಟ ನಮ್ಮ ಕಡೆ ಜಾಸ್ತಿ. ಆಲೆಮನೆ ಹತ್ತಿರ ಇದ್ದರಂತೂ ಕಬ್ಬಿನ ಸಿಪ್ಪೆ ಉರಿಸಿದ ಕರಿ ಬೂದಿ ಫ್ಯಾನಿನೊಳಗೆ ಸೇರುತ್ತದೆ. ತೆಗೆದು ನೋಡಿದರೆ ಫ್ಯಾನ್ ರೆಕ್ಕೆಗಳ ಮೇಲಿಗಿಂತ, ಫ್ಯಾನಿಗೂ ತಾಮ್ರದ ಪೈಪಿನ ತುದಿಯ ಜಾಲರಿಗೂ ನಡುವೆ ಬೂದುಬಣ್ಣದ ಕಂಬಳಿ ತುಂಡಿನ ಹಾಗೆ ದೂಳು ಹೆಪ್ಪುಗಟ್ಟಿರುತ್ತದೆ. ಗಾಳಿ ನಿಲ್ಲುವುದು ಅಲ್ಲೇ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ, ಬಿಚ್ಚಲೇಬೇಕು.

ಬಿಚ್ಚುವುದು ಕಷ್ಟವಲ್ಲ. ಆನ್ ಮಾಡುವಾಗ ಎಫ್1 ಒತ್ತಿ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್ ಪರದೆ) ಹೋಗಿ, ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ ಆರಿಸಿ. ಚಾರ್ಜರ್ ತೆಗೆದಿರಬೇಕು. ಯಂತ್ರ ತಾನೇ ಆಫ್ ಆಗುತ್ತದೆ. ಹೊರಗಿನ ಬ್ಯಾಟರಿ ಕಳಚಿ, ಕೆಳಗಿನ ಆರು ಸ್ಕ್ರೂ ಸಡಿಲಿಸಿ. ಅವು ಮುಚ್ಚಳದಲ್ಲೇ ಉಳಿಯುತ್ತವೆ, ಕಳೆದುಹೋಗುವುದಿಲ್ಲ. ಬ್ಯಾಟರಿ ಕೂರುವ ಜಾಗದ ಕಡೆಯಿಂದ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಿಧಾನವಾಗಿ ಕ್ಲಿಪ್ ಬಿಡಿಸಿ. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕ್ಲಿಪ್ ಮುರಿಯುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್‌ನ ಬಿಸಿ ಎಳೆಯುವ ಹೀಟ್‌ಸಿಂಕ್ ತೆಗೆದರೆ ಹಳೇ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿಗಿಂತ ಸಣ್ಣ ಹನಿ ಹೊಸದು ಹಾಕಿ, ಸ್ಕ್ರೂಗಳನ್ನು ಪಕ್ಕದಲ್ಲಿ ಬರೆದ ಸಂಖ್ಯೆಯ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಮುಚ್ಚಳ ತೆರೆದಾಗಲೇ ರ್‍ಯಾಮ್ ನೋಡಿಕೊಳ್ಳಿ. ಡಿಡಿಆರ್4ಗೆ ಎರಡು ಸ್ಲಾಟ್ ಇವೆ. ಒಂದೇ 16 ಜಿಬಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು; ಗ್ರಾಫಿಕ್ಸ್ ಇದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ ವ್ಯತ್ಯಾಸ ಕಾಣುತ್ತದೆ. ಫೈಲುಗಳನ್ನಿಡುವ ಎಸ್‌ಎಸ್‌ಡಿಯ ಜಾಗದಲ್ಲಿ 2.5 ಇಂಚಿನ ಸಾಟಾ (ಹಳೇ ಬಗೆಯದ್ದು) ಕೂರುತ್ತದೆ. ಅದಕ್ಕಿಂತ ವೇಗದ, ಕಡ್ಡಿಯಂತಿರುವ ಎನ್‌ವಿಎಂಇ ಬೇಕಾದರೆ ಅದರದ್ದೇ ಬ್ರಾಕೆಟ್ ಬೇಕು, ಮಾರುವವರು ಇದನ್ನು ಹೇಳುವುದಿಲ್ಲ. ಅಲ್ಲಿ ಸಿಗುವುದು ಪಿಸಿಐಇಯ (ಡೇಟಾ ಓಡಾಡುವ ದಾರಿ) ಎರಡೇ ಲೇನ್, ಹಾಗಾಗಿ ದುಬಾರಿ ವೇಗದ ಎಸ್‌ಎಸ್‌ಡಿಗೆ ಹಾಕುವ ಹಣ ದಂಡ.

ಕೀಬೋರ್ಡ್ ಬಗ್ಗೆ ಒಂದು ಮಾತು ಸಾಕು: ಇಡೀ ದಿನ ಟೈಪ್ ಮಾಡುವವರ ಬೆರಳಿಗೆ ಇದಕ್ಕಿಂತ ಹಿತವಾದದ್ದು ಈ ಬೆಲೆಗೆ ಸಿಗದು. ಎಡ ಮೂಲೆಯಲ್ಲಿ ಕಂಟ್ರೋಲ್ ಇರಬೇಕಾದಲ್ಲಿ ಎಫ್‌ಎನ್ ಇದೆ. ಬಯಾಸ್‌ನ ಕೀಬೋರ್ಡ್ ವಿಭಾಗದಲ್ಲಿ ಅದಲು ಬದಲು ಮಾಡಬಹುದು.

ಪರದೆ ಮಾತ್ರ ಕಟ್ಟುನಿಟ್ಟಾಗಿ ನೋಡಿ. 1366×768ರ ಪರದೆಯಲ್ಲಿ ಸಣ್ಣ ಅಕ್ಷರದ ಕನ್ನಡ ಓದುವುದು ಹಿಂಸೆ: ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಬರೆದರೆ ಕೆಳಗಿನ ಒತ್ತುಗಳು ಕಲಸಿಹೋಗಿ ಕರಿ ಚುಕ್ಕೆಯಾಗುತ್ತವೆ, ಪಕ್ಕದಿಂದ ನೋಡಿದರೆ ಬಣ್ಣವೂ ತಿರುಗುತ್ತದೆ. 1920×1080ರ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ತಿರುಗದ ಬಗೆ) ಪರದೆಯದ್ದನ್ನೇ ಕೇಳಿ ತೆಗೆದುಕೊಳ್ಳಿ. ಅದರಲ್ಲೂ ಬಣ್ಣ ಸಪ್ಪೆ, ಬೆಳಕು ಕಡಿಮೆ. ಜಗಲಿಯ ಬಿಸಿಲಲ್ಲಿ ಕೂತು ಕೆಲಸ ಮಾಡಲಾಗದು. ಮದುವೆ ಫೋಟೊ ತಿದ್ದುವವರು, ವಿಡಿಯೊ ಎಡಿಟಿಂಗ್ ಮಾಡುವವರು ಬೇರೆ ನೋಡಿಕೊಳ್ಳಿ. 5ಕ್ಕೆ 4 ಅಂಕ ಕೊಡುತ್ತೇನೆ, ಒಂದು ಅಂಕ ಈ ಪರದೆಗೇ ಕಳೆದದ್ದು.