ಆರ್ಕೇಡ್ ಕ್ಯಾಬಿನೆಟ್ ಮಾರಿ, ಆಟ ತುಂಬಿಸಿ ಮಾರಬೇಡಿ

ಮನೆಗಳಿಗೆ ಆರ್ಕೇಡ್ ಕ್ಯಾಬಿನೆಟ್, ಅಂದರೆ ಪರದೆ, ಜಾಯ್‌ಸ್ಟಿಕ್ ಇರುವ ಹಳೇ ಕಾಲದ ವಿಡಿಯೊ ಗೇಮ್ ಪೆಟ್ಟಿಗೆ, ಮಾಡಿಕೊಡುವ ಕೆಲಸಕ್ಕೆ ಇಳಿಯಬೇಕು ಅಂತಿದ್ದೀರಾ? ಮೊದಲ ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಇದನ್ನು ಓದಿಬಿಡಿ. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ನನ್ನ ವ್ಯಾಪಾರ ಒಂದೇ ಒಂದು ಇಮೇಲಿಗೆ ನಿಂತುಹೋಯಿತು.

ಮರಗೆಲಸದಲ್ಲಿ ನಾನು ಯಾವತ್ತೂ ಕೈ ಬಿಗಿಹಿಡಿಯಲಿಲ್ಲ. ಮರದ ನಾರು ಒತ್ತಿ ಮಾಡಿದ 18 ಮಿಲಿಮೀಟರ್ ಎಂಡಿಎಫ್ ಹಾಳೆ, ಅಂಚಿನಲ್ಲಿ ಸೀಳು ಕೊರೆದು ಕೂರಿಸಿದ ಟಿ-ಮೋಲ್ಡಿಂಗ್ ಪಟ್ಟಿ, ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ. ಒಂದೊಂದು ಬಟನ್ನಿನ ಕ್ಲಿಕ್ ಸದ್ದನ್ನೂ ಕಿವಿಗೊಟ್ಟು ಕೇಳಿದ ಮೇಲೆಯೇ ಕಳಿಸುತ್ತಿದ್ದೆ. ಗಿರಾಕಿಗಳು ಮಾತ್ರ ಮರದ ಬಗ್ಗೆ ಕೇಳುತ್ತಲೇ ಇರಲಿಲ್ಲ. "ಇದರಲ್ಲಿ ಎಷ್ಟು ಆಟ ಇದೆ?" ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ.

ಹಾಗಾಗಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಸಿದ್ಧ ಇಮೇಜ್ (ಎಲ್ಲ ತಂತ್ರಾಂಶ ಸೇರಿಸಿಟ್ಟ ಒಂದೇ ಫೈಲ್) ಒಂದನ್ನು ಇಳಿಸಿಕೊಂಡು, ಸಾವಿರಾರು ಆಟ ತುಂಬಿಸಿದೆ. ಆ ಸಂಖ್ಯೆಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದೆ. ಎರಡೂ ಬದಿಗೆ ಹೆಸರಾಂತ ಪಾತ್ರಗಳ ಸ್ಟಿಕ್ಕರ್ ಅಂಟಿಸಿದೆ.

ಆ ಆಟಗಳಲ್ಲಿ ಕೆಲವುದರ ಹಕ್ಕುದಾರ ಕಂಪನಿಯೊಂದರ ವಕೀಲರಿಂದ ಇಮೇಲಿನಲ್ಲಿ ನೋಟಿಸ್ ಬಂತು. ಅದೇ ವಾರ ನಾನು ಮಾರುತ್ತಿದ್ದ ಆನ್‌ಲೈನ್ ಮಳಿಗೆ ನನ್ನ ಖಾತೆ ಮುಚ್ಚಿತು, ಬರಬೇಕಿದ್ದ ಹಣವನ್ನೂ ತಡೆಹಿಡಿಯಿತು. ಆಗ ಮೂರು ಕ್ಯಾಬಿನೆಟ್ ಅರ್ಧ ಕೆಲಸದಲ್ಲಿದ್ದವು. ಗಿರಾಕಿಗಳ ಮುಂಗಡವೆಲ್ಲ ಹಲಗೆಗೆ, ಪರದೆಗೆ ಹೋಗಿಯಾಗಿತ್ತು. ಒಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಹೇಳಿ ಮಾಡಿಸುತ್ತಿದ್ದರು. ಅವರಿಗೆ ಫೋನ್ ಮಾಡಿದ ಆ ಸಂಜೆ ನನಗೆ ಇನ್ನೂ ಮರೆತಿಲ್ಲ.

ನನಗೆ ನಾನೇ ಹೇಳಿಕೊಂಡಿದ್ದ ಸಮಾಧಾನಗಳನ್ನೂ ಹೇಳುತ್ತೇನೆ, ಏಕೆಂದರೆ ನೀವೂ ಅವನ್ನೇ ಹೇಳಿಕೊಳ್ಳುತ್ತೀರಿ. ಹಳೇ ಆಟ, ಕಂಪನಿಯೇ ಮುಚ್ಚಿಹೋಗಿದೆ, ಕೇಳುವವರು ಯಾರು ಅಂದುಕೊಂಡಿದ್ದೆ. ಕಂಪನಿ ಮುಚ್ಚಿದರೂ ಹಕ್ಕು ಸಾಯುವುದಿಲ್ಲ. ಆಟ ತಯಾರಿಸುತ್ತಿದ್ದ ಡೇಟಾ ಈಸ್ಟ್ ಕಂಪನಿ 2003ರಲ್ಲಿ ದಿವಾಳಿಯಾಯಿತು, ಅದರ ಬಹಳಷ್ಟು ಆಟಗಳ ಹಕ್ಕನ್ನು ಜಿ-ಮೋಡ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಆಟ ತಂದ ಟೈಟೊ ಕಂಪನಿ 2005ರಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿಯ ಕೈಸೇರಿತು.

ಹಳೇ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಅದರ ವಿಷಯದಲ್ಲಿ ಇನ್ನೂ ಚೆನ್ನಾಗಿ ಏಮಾರಿದೆ. 1997ರಲ್ಲಿ ಶುರುವಾದ ಮೇಮ್ ಎಂಬ ಎಮ್ಯುಲೇಟರ್ 2016ರಲ್ಲಿ ಮುಕ್ತ ತಂತ್ರಾಂಶದ ಲೈಸೆನ್ಸಿಗೆ ಬದಲಾಯಿತು. ಅಷ್ಟು ಓದಿಕೊಂಡು ನಿಶ್ಚಿಂತೆಯಿಂದಿದ್ದೆ. ಆದರೆ ಪೈನಂಥ ಸಣ್ಣ ಬೋರ್ಡಿಗೆ ಹಗುರ ಅಂತ ನಾನು ಹಾಕಿದ್ದು ಮೇಮ್ 2003. ಅದು ಹಳೆಯ 0.78 ಆವೃತ್ತಿಯ ಕೋಡ್. ಅದಕ್ಕೆ ಇವತ್ತಿಗೂ ಹಳೇ ಲೈಸೆನ್ಸೇ, ವ್ಯಾಪಾರಕ್ಕೆ ಬಳಸುವಂತಿಲ್ಲ. ಫೈನಲ್‌ಬರ್ನ್ ನಿಯೋ ಎಂಬ ಇನ್ನೊಂದು ಎಮ್ಯುಲೇಟರ್ ಕೂಡ ಹಾಗೆಯೇ. ಪೈಯಲ್ಲಿ ಹಳೇ ಆಟ ಆಡಿಸುವ ರೆಟ್ರೊಪೈ ಎಂಬ ತಂತ್ರಾಂಶ ತುಂಬಿದ ಯಂತ್ರವನ್ನು ಮಾರಬೇಡಿ ಎಂದು ಅದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ಆ ಪುಟವನ್ನು ನಾನು ತೆರೆದೇ ಇರಲಿಲ್ಲ. ಇನ್ನು ಬಿಲ್ಲಿನಲ್ಲಿ "ಆಟಗಳು ಉಚಿತ" ಎಂದು ಬರೆಯುತ್ತಿದ್ದೆನಲ್ಲ, ಅದರಿಂದ ಏನೂ ಉಪಯೋಗವಾಗಲಿಲ್ಲ. ಆಟಗಳ ಸಂಖ್ಯೆ ತೋರಿಸಿಯೇ ಕ್ಯಾಬಿನೆಟ್ ಮಾರಿದ್ದೆ ಎಂಬುದಕ್ಕೆ ನನ್ನ ಜಾಹೀರಾತೇ ಸಾಕ್ಷಿಯಾಗಿತ್ತು.

ಮಾರುವುದಾದರೆ ಕ್ಯಾಬಿನೆಟ್, ಪರದೆ, ಜಾಯ್‌ಸ್ಟಿಕ್, ವೈರಿಂಗ್ ಇಷ್ಟನ್ನು ಮಾರಿ. ಗಿರಾಕಿ ತಾನು ಕೊಂಡ ಆಟಗಳಿರುವ ಕಂಪ್ಯೂಟರನ್ನು ಒಳಗೆ ಇಡಲಿ, ಅದಕ್ಕೆ ಜಾಗ, ಗಾಳಿಯಾಡುವ ಕಿಂಡಿ ಬಿಟ್ಟುಕೊಡಿ. ಬದಿಯ ಚಿತ್ರವನ್ನು ಕಲಾವಿದರ ಕೈಲಿ ಹೊಸದಾಗಿ ಬರೆಸಿ. ಆಟ ಎಲ್ಲಿ ಸಿಗುತ್ತದೆ ಎಂಬ ಲಿಂಕ್ ಕೂಡ ಕಳಿಸಬೇಡಿ. ಹೀಗೆ ಹೇಳಿದರೆ ಅರ್ಧ ಗಿರಾಕಿಗಳು ವಾಪಸ್ ಹೋಗುತ್ತಾರೆ, ನಿಜ. ಆ ಅರ್ಧವನ್ನು ಬಿಟ್ಟೇ ಲೆಕ್ಕ ಹಾಕಿ, ಆಮೇಲೂ ಗಿಟ್ಟುತ್ತದಾ ನೋಡಿ. (ಅಂದಹಾಗೆ, ಗಿರಾಕಿಯ ಮನೆಬಾಗಿಲಿನ ಅಗಲ ಅಳೆದ ಮೇಲೆಯೇ ಹಲಗೆ ಕೊಯ್ಯಿರಿ. ಒಂದು ಕ್ಯಾಬಿನೆಟ್ಟನ್ನು ಮೆಟ್ಟಿಲ ಮೇಲೇ ಬಿಚ್ಚಬೇಕಾಯಿತು.)

ಈಗಾಗಲೇ ಆಟ ತುಂಬಿಸಿ ಮಾರುತ್ತಿದ್ದರೆ ಆ ಜಾಹೀರಾತನ್ನು ಇವತ್ತೇ ತೆಗೆಯಿರಿ. ನೋಟಿಸ್ ಬಂದಿದ್ದರೆ ಉತ್ತರವನ್ನು ನೀವೇ ಬರೆಯಬೇಡಿ, ವಕೀಲರ ಹತ್ತಿರ ಹೋಗಿ. ನಾನು ಗಾಬರಿಯಲ್ಲಿ ರಾತ್ರಿಯೆಲ್ಲ ಕೂತು ಕ್ಷಮೆ ಕೇಳಿ ಪತ್ರ ಬರೆದೆ. ಪ್ರಾಮಾಣಿಕವಾಗಿರೋಣ ಅಂತ ಇದುವರೆಗೆ ಎಷ್ಟು ಕ್ಯಾಬಿನೆಟ್ ಮಾರಿದ್ದೇನೆ ಎಂಬುದನ್ನೂ ಅದರಲ್ಲಿ ತಿಳಿಸಿದ್ದೆ. ಮುಂದಿನ ಪತ್ರದಲ್ಲಿ ಅವರು ಪರಿಹಾರ ಕೇಳಿದ್ದು ಅದೇ ಲೆಕ್ಕದ ಮೇಲೆ.