ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ಯಾ? ಕ್ಲೀನರ್, ಹೈ-ಫ್ಲೋ, ಹೊಸದು: ಯಾವುದು ಸರಿ?

ಆಗುಂಬೆ ಘಾಟಿ ಹತ್ತುವಾಗ ಎಷ್ಟು ತುಳಿದರೂ ಪೆಟ್ರೋಲ್ ಕಾರು ಎಳೆಯುವುದಿಲ್ಲವೇ? ಹೊಗೆ ಕೊಳವೆಯಲ್ಲಿ ಕೂತು ಎಂಜಿನ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಆದರೆ ಸುಮ್ನೆ ಅಂದಾಜಿನ ಮೇಲೆ ದುಡ್ಡು ಹಾಕಬೇಡಿ. ಕನ್ವರ್ಟರ್‌ಗಿಂತ ಮುಂಚೆ, ಎಂಜಿನ್ ಕಡೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿಸಿ, ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಹೊಗೆಯ ದಾರಿ ಕಟ್ಟಿಕೊಂಡಿದೆ ಅಂತಲೇ ಲೆಕ್ಕ.

ಶಿವಮೊಗ್ಗ ಪೇಟೆಯೊಳಗೇ ಚಿಕ್ಕ ಚಿಕ್ಕ ಓಡಾಟ ಜಾಸ್ತಿ ಇದ್ದು, ಬರೀ ಮಸಿ ಕೂತಿದ್ದರೆ ಕ್ಲೀನರ್ ಹಾಕಿ ಹೆದ್ದಾರಿಯಲ್ಲಿ ಒಂದು ಉದ್ದ ಓಟ ಓಡಿಸಿ ನೋಡಬಹುದು. ಖರ್ಚು ಕಡಿಮೆ. ಆದರೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿದ್ದರೆ ಯಾವ ಕ್ಲೀನರ್ ಕೂಡ ಉಪಯೋಗಕ್ಕೆ ಬರದು.

ಹೈ-ಫ್ಲೋ ಕನ್ವರ್ಟರ್‌ನಲ್ಲಿ ತೂತುಗಳು ದೊಡ್ಡವು. ಮಾಮೂಲಿಯದರಲ್ಲಿ ಚದರ ಇಂಚಿಗೆ ಸುಮಾರು 400 ಇದ್ದರೆ, ಇದರಲ್ಲಿ 200ರ ಆಸುಪಾಸು. ಹೊಗೆ ಸಲೀಸಾಗಿ ಹೋಗುತ್ತದೆ, ನಿಜ. ಆದರೆ ಶುದ್ಧ ಮಾಡುವ ಮೇಲ್ಮೈಯೂ ಕಡಿಮೆ. ಬಿಎಸ್6 (ಭಾರತದ ಹೊಗೆ ಮಿತಿ ನಿಯಮ) ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಬಹುದು. ಮಾಮೂಲಿ ಎಂಜಿನ್‌ಗೆ ಸಿಗುವ ಪಿಕಪ್ ಅಲ್ಪ. ಮನೆ ಕಾರಿಗೆ ಇದು ಬೇಡ ಅನ್ನುತ್ತೇನೆ.

ಕನ್ವರ್ಟರನ್ನೇ ಕಿತ್ತು ಬರೀ ಪೈಪ್ ಹಾಕಿಸುವ ಯೋಚನೆ ಬಿಡಿ. ಅದು ಕಾನೂನಿಗೆ ವಿರುದ್ಧ. ಕಾರ್ಬನ್ ಮಾನಾಕ್ಸೈಡ್ ನೇರ ಹೊರಗೆ ಬರುತ್ತದೆ, ನಮ್ಮ ಮಲೆನಾಡಿನ ಗಾಳಿಗೇ ಅಲ್ವಾ?

ಕರಗಿದ್ದರೆ ಕಂಪನಿಯ ಹೊಸದೇ ಸರಿ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ದುಬಾರಿ. ಹಾಕಿಸುವ ಮುಂಚೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಮಿಸ್‌ಫೈರ್ ಆಗುತ್ತಿದ್ದರೆ ಸುಡದ ಪೆಟ್ರೋಲ್ ಒಳಗೆ ಹೋಗಿ ಉರಿದು ಹೊಸದೂ ಕರಗುತ್ತದೆ.