ಬೀದರ್: ಕೋಟೆ ನೋಡಿದ ಮೇಲೆ ಬಿದ್ರಿ ಅಂಗಡಿಗೆ ಹೋಗಿ

ಬೀದರಿಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಹೈದರಾಬಾದಿನಿಂದಲೋ ಕಲಬುರಗಿಯಿಂದಲೋ ಬೆಳಿಗ್ಗೆ ಹೊರಟು, ಕೋಟೆಗೆ ಒಂದು ಸುತ್ತು ಹಾಕಿ, ಗುರುದ್ವಾರದಲ್ಲಿ ಊಟ ಮುಗಿಸಿ, ಹೊರಡುವ ಗಡಿಬಿಡಿಯಲ್ಲಿ ಯಾವುದೋ ಅಂಗಡಿಯಿಂದ ಬಿದ್ರಿಯ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಇಲ್ಲಿಯ ಕುಸುರಿಕೆಲಸದ, ಕೀಲಿಗೊಂಚಲೊಂದನ್ನು ಕೊಂಡು ಸಂಜೆಯ ಹೊತ್ತಿಗೆ ಊರು ಬಿಡುತ್ತಾರೆ. ಹೀಗೆ ನೋಡಿದರೆ ಊರಿನ ಅತ್ಯುತ್ತಮ ಸಂಗತಿಯೇ ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಬೀದರಿನ ಸ್ಮಾರಕಗಳನ್ನೂ ಅಂಗಡಿಗಳನ್ನೂ ಬೇರೆಬೇರೆಯಾಗಿ ನೋಡಬಾರದು. ರಂಗೀನ್ ಮಹಲಿನ ಗೋಡೆಯಲ್ಲಿ ಕಪ್ಪು ಕಲ್ಲಿನ ಮೇಲೆ ಮುತ್ತಿನ ಚಿಪ್ಪು ಹೊಳೆಯುವುದನ್ನು ಕಂಡು ಬಂದವರಿಗೆ, ಪೇಟೆಯ ಗಲ್ಲಿಯಲ್ಲಿ ಕುಶಲಕರ್ಮಿಯೊಬ್ಬರು ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆಯನ್ನು ಕೂರಿಸುವುದು ಹೊಸತೆನಿಸುವುದಿಲ್ಲ. ಅದೇ ಕಣ್ಣು, ಅದೇ ರುಚಿ ಇಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂದು ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಮೊದಲು ಕೋಟೆ, ಆಮೇಲೆ ಅಂಗಡಿ ಎಂಬ ಕ್ರಮವನ್ನು ಬಿಡಬೇಡಿ, ಇದಕ್ಕಾಗಿ ಇಡೀ ಒಂದು ದಿನವನ್ನು ಮೀಸಲಿಡಿ.

ನಡಿಗೆಯನ್ನು ಚೌಬಾರಾದಿಂದ ಆರಂಭಿಸುವುದು ಒಳ್ಳೆಯದು. ಹಳೆಯ ಊರಿನ ನಟ್ಟನಡುವೆ, ಎರಡು ಮುಖ್ಯ ಬೀದಿಗಳು ಕೂಡುವಲ್ಲಿ ನಿಂತಿರುವ ಈ ದುಂಡನೆಯ ಕಾವಲು ಗೋಪುರದ ಎತ್ತರ 71 ಅಡಿ. ಈಗ ಅದರ ಮೇಲೊಂದು ಗಡಿಯಾರವಿದೆ. ಆ ಎರಡು ಬೀದಿಗಳು ಊರನ್ನು ನಾಲ್ಕು ಪಾಲು ಮಾಡುತ್ತವೆ, ಪ್ರತಿ ಪಾಲಿಗೂ ಅಲ್ಲಿದ್ದ ಗರಡಿಯ ಹೆಸರೇ ಉಳಿದುಬಂದಿದೆ: ಸಿದ್ದೀಕ್ ಷಾ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲಿ ತಾಲೀಮ್. ಸುತ್ತಲಿನ ಪೇಟೆಯಲ್ಲಿ ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಬೆಲೆ ಕೇಳಿದ ಗಿರಾಕಿಗೆ ದಖ್ಖನಿಯಲ್ಲಿ ಉತ್ತರ ಬಂದರೂ ವ್ಯವಹಾರ ಎಲ್ಲಿಯೂ ನಿಲ್ಲುವುದಿಲ್ಲ. ಬೆಂಗಳೂರಿನ ಕಡೆಯಿಂದ ಬಂದವರು ಇಲ್ಲಿಯ ಕನ್ನಡದ ಧಾಟಿಗೆ ಕಿವಿ ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗಬಹುದು, ಅಷ್ಟೆ.

ಚೌಬಾರಾದಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಪೀಠ ಮೂರು ಅಂತಸ್ತಿನದು. ಇಲ್ಲಿ 3000 ಗ್ರಂಥಗಳಿದ್ದವೆಂದು ಹೇಳುತ್ತಾರೆ. ಮುಖಭಾಗವನ್ನೆಲ್ಲ ನೀಲಿ, ಹಸಿರು, ಬಿಳಿ, ಹಳದಿ ಬಣ್ಣದ ಮೆರುಗು ಬಿಲ್ಲೆಗಳು ಮುಚ್ಚಿದ್ದವು. ಔರಂಗಜೇಬನ ಕಾಲದಲ್ಲಿ, 17ನೆಯ ಶತಮಾನದ ಕೊನೆಗೆ, ಇಲ್ಲಿ ಸಂಗ್ರಹಿಸಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಒಂದು ಮಿನಾರೂ ಕಟ್ಟಡದ ದೊಡ್ಡದೊಂದು ಭಾಗವೂ ಕುಸಿದವು. ಉಳಿದಿರುವ ಮಿನಾರಿನ ಮೈಮೇಲೆ ಬಿಲ್ಲೆಗಳ ಅಂಕುಡೊಂಕು ಪಟ್ಟಿಗಳು ಅಲ್ಲಲ್ಲಿ ಇನ್ನೂ ಕಾಣುತ್ತವೆ. ಕಳೆದುಹೋದದ್ದನ್ನು ಮನಸ್ಸಿನಲ್ಲೇ ತುಂಬಿಸಿಕೊಂಡು ನೋಡಬೇಕಾದ ಕಟ್ಟಡವಿದು. ಹಾಗೆ ನೋಡುವ ತಾಳ್ಮೆಯಿಲ್ಲದವರಿಗೆ ಹತ್ತು ನಿಮಿಷ ಸಾಕು. ನನಗೆ ಮಾತ್ರ ಗವಾನನ ಕಥೆ ಇಲ್ಲಿಂದ ಬೇಗ ಹೊರಡಲು ಬಿಡುವುದಿಲ್ಲ. ಇಷ್ಟೆಲ್ಲ ಕಟ್ಟಿಸಿದವನನ್ನು, ವಿರೋಧಿಗಳು ಹುಟ್ಟುಹಾಕಿದ ನಕಲಿ ಪತ್ರವೊಂದನ್ನು ನಂಬಿ, ಅವನ ಸುಲ್ತಾನನೇ 1481ರಲ್ಲಿ ಕೊಲ್ಲಿಸಿದ.

ಕೋಟೆಯ ವಿಸ್ತಾರವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. 15ನೆಯ ಶತಮಾನದ ಮೊದಲ ಭಾಗದಲ್ಲಿ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕಟ್ಟಿಸಿದ ಈ ಕೋಟೆಯ ಕಂದಕವನ್ನು ಅದು ನಿಂತಿರುವ ಜಂಬಿಟ್ಟಿಗೆ ಬಂಡೆಯಲ್ಲೇ ಕೊರೆದಿದ್ದಾರೆ. ನಡುನಡುವೆ ಬಂಡೆಯನ್ನೇ ಗೋಡೆಯಾಗಿ ಉಳಿಸಿ ಕೆಲವೆಡೆ ಮೂರು ಕಂದಕಗಳನ್ನು ಮಾಡಿರುವುದನ್ನು ಬಾಗಿಲ ಬಳಿ ನಿಂತು ನೋಡಬೇಕು. ಷರ್ಜಾ ದರ್ವಾಜಾದ ಮೇಲಿನ ಹುಲಿಗಳು, 1423–24ರ ಶಾಸನವಿರುವ ಸೋಲಾ ಖಂಬಾ ಮಸೀದಿ, ತಖ್ತ್ ಮಹಲಿನ ಕಮಾನಿನ ಮೇಲಿನ ಹುಲಿ ಮತ್ತು ಸೂರ್ಯನ ಚಿತ್ರ, ಇವೆಲ್ಲ ನಡೆಯುತ್ತ ನೋಡಬಹುದಾದವು. ಹಳೆಯ ರಾಜಸ್ನಾನಗೃಹದಲ್ಲಿ ಇರುವ ವಸ್ತುಸಂಗ್ರಹಾಲಯ ಚಿಕ್ಕದು. ವಸ್ತುಗಳಿಗಿಂತ ಕಟ್ಟಡವೇ ಹೆಚ್ಚು ಸ್ವಾರಸ್ಯಕರವಾಗಿದೆ.

ನಿಂತು ನೋಡಬೇಕಾದದ್ದು ರಂಗೀನ್ ಮಹಲ್. ಇದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ, ಹೊರಗಿನಿಂದ ನೋಡಿದರೆ ಒಳಗೆ ಇಂಥದ್ದೇನಾದರೂ ಇರಬಹುದೆಂಬ ಊಹೆಯೂ ಬರುವುದಿಲ್ಲ. ಎಷ್ಟೋ ಜನ ಅದರ ಮುಂದೆಯೇ ಹಾದು ಹಿಂತಿರುಗುವುದು ಇದೇ ಕಾರಣಕ್ಕೆ. ಅಲ್ಲಿಯ ಪುರಾತತ್ತ್ವ ಇಲಾಖೆಯ ಸಿಬ್ಬಂದಿಯನ್ನು ಹುಡುಕಿ, ವಿನಯದಿಂದ ಕೇಳಿ, ತೆರೆಸಿಕೊಂಡು ನೋಡಬೇಕು. ಇಷ್ಟು ಮುಖ್ಯವಾದ ಕೋಣೆಯನ್ನು ನೋಡುವುದು ಕೇಳುವವರ ಧೈರ್ಯವನ್ನು ಅವಲಂಬಿಸಿರಬಾರದಿತ್ತು. ಒಳಗೆ ಕೆತ್ತಿದ ಮರದ ಕಂಬಗಳು, ಬಣ್ಣದ ಬಿಲ್ಲೆಗಳು, ಮತ್ತು ಇವೆರಡನ್ನೂ ಮರೆಸುವ ಬಾಗಿಲ ಸುತ್ತಿನ ಕೆಲಸ: ಕಡುಗಪ್ಪು ಕಲ್ಲನ್ನು ಬಳ್ಳಿಯ ಆಕಾರದಲ್ಲಿ ಕೊರೆದು, ಆ ಗೀರುಗಳಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಬಹಮನಿಗಳ ನಂತರ ಬಂದ ಬರೀದ್ ಷಾಹಿ ಮನೆತನದ ಅಲಿ ಬರೀದನ ಕಾಲದ, ಅಂದರೆ 16ನೆಯ ಶತಮಾನದ ಕೆಲಸವಿದು. ಚಿಪ್ಪು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆಂಬುದು ಬೆರಳಿಗೆ ತಿಳಿಯಬಾರದು, ಕಣ್ಣಿಗೆ ಮಾತ್ರ ತಿಳಿಯಬೇಕು, ಎಂಬ ಹಟ ಆ ಕೆಲಸದಲ್ಲಿದೆ. ಈ ಮಾತನ್ನು ನೆನಪಿಟ್ಟುಕೊಂಡು ಪೇಟೆಗೆ ಮರಳಿ.

ಬಿದ್ರಿ ಕೆಲಸಗಾರರ ಅಂಗಡಿಗಳು ಚೌಬಾರಾದ ಆಸುಪಾಸಿನಲ್ಲಿ, ಮುಖ್ಯವಾಗಿ ಸಿದ್ದೀಕ್ ಷಾ ತಾಲೀಮಿನ ಬೀದಿಗಳಲ್ಲಿ ಇವೆ. ಇವುಗಳಲ್ಲಿ ಹಲವು ಅಂಗಡಿಯೂ ಹೌದು, ಕೆಲಸದ ಕೋಣೆಯೂ ಹೌದು: ಮುಂದೆ ಗಾಜಿನ ಕಪಾಟು, ಹಿಂದೆ ನೆಲದ ಮೇಲೆ ಕೂತ ಮೂರು ನಾಲ್ಕು ಜನ. ಥಳಥಳಿಸುವ ಮಳಿಗೆಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗಬಹುದು. ನನ್ನ ದೃಷ್ಟಿಯಲ್ಲಿ ಕೊಳ್ಳಲು ಯೋಗ್ಯವಾದ ಅಂಗಡಿಯ ಮೊದಲ ಗುರುತೇ ಹಿಂದಿನ ಕೋಣೆಯಿಂದ ಬರುವ ಉಳಿಯ ಸದ್ದು. ಕೊಳ್ಳದಿದ್ದರೂ ಕೆಲಸ ನೋಡಬಹುದೇ ಎಂದು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಈ ಊರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಹೊರಗಿನವರ ಕುತೂಹಲ ಹೆಚ್ಚಿರುವುದು ಸಹಜ.

ಕೆಲಸದ ಕ್ರಮವನ್ನು ತಿಳಿದು ಹೋದರೆ ನೋಡುವುದಕ್ಕೆ ಹೆಚ್ಚು ಸಿಗುತ್ತದೆ. ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುತ್ತಾರೆ. ಸಾಮಾನ್ಯವಾಗಿ ಹೇಳುವ ಪ್ರಮಾಣ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕವನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಮೊಳೆಯಿಂದ ಗೀಚಿದ ಬಳ್ಳಿ, ಹೂವು, ಜಾಲರಿಗಳು ಬೆಳ್ಳಗೆ ಕಾಣುತ್ತವೆ. ಅನುಭವಿಗಳು ಇದನ್ನು ಮಾದರಿಯೇ ಇಲ್ಲದೆ ಕೈಯಿಂದ ನೇರವಾಗಿ ಬರೆಯುವುದನ್ನು ತಪ್ಪದೆ ನೋಡಬೇಕು. ಬಳಿಕ ಉಳಿಯಿಂದ ಆ ಗೆರೆಗಳನ್ನು ಕೊರೆದು, ಕೊರೆದಲ್ಲಿ ಶುದ್ಧ ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಇಟ್ಟು ಚಿಕ್ಕ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ, ತಗಡಿನ ಕೆಲಸಕ್ಕೆ ತಹನಿಶಾನ್ ಎನ್ನುತ್ತಾರೆ. ಮತ್ತೆ ಉಜ್ಜಿ ಸಮಮಾಡಿದಾಗ ಲೋಹವೂ ಬೆಳ್ಳಿಯೂ ಒಂದೇ ಬೂದುಬಿಳಿಯಾಗಿ, ಅಷ್ಟು ದಿನದ ಚಿತ್ತಾರ ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ.

ಅದನ್ನು ಮರಳಿ ತರುವುದು ಕೋಟೆಯ ಮಣ್ಣು. ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಣ್ಣ ಬದಲಿಸದೆ ಉಳಿಯುತ್ತದೆ. ಮಣ್ಣು ಸರಿಯಾದದ್ದೋ ಅಲ್ಲವೋ ಎಂಬುದನ್ನು ಹಿರಿಯ ಕೆಲಸಗಾರರು ನಾಲಗೆಯ ಮೇಲೆ ಇಟ್ಟು ನೋಡಿ ಹೇಳುತ್ತಾರೆ. ಅದರಲ್ಲಿರುವ ಲವಣಗಳೇ ಈ ಕಪ್ಪಿಗೆ ಕಾರಣವೆಂಬ ವಿವರಣೆಯಿದೆ. ಮಿಶ್ರಣದಲ್ಲಿ ತಾಮ್ರದ ಅಂಶ ಇಲ್ಲದಿದ್ದರೆ ಇಂಥ ಕಪ್ಪು ಬರುವುದೂ ಇಲ್ಲ. ಬೆಳಿಗ್ಗೆ ಕಾಲ ಕೆಳಗೆ ತುಳಿದು ಬಂದ ಮಣ್ಣು ಮಧ್ಯಾಹ್ನ ಇಂಥ ಕೆಲಸ ಮಾಡುವುದನ್ನು ಕಂಡವರು, ಕೋಟೆಯನ್ನು ಅಂಗಡಿಗಿಂತ ಮೊದಲು ನೋಡಿ ಎಂದು ನಾನೇಕೆ ಹಟ ಹಿಡಿದೆನೆಂದು ಒಪ್ಪಬಹುದು.

ಇನ್ನು ಕೊಳ್ಳುವ ಮಾತು. ಬಿದ್ರಿಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದೆಯಾದರೂ ಕಪಾಟಿನಲ್ಲಿರುವುದೆಲ್ಲ ಒಂದೇ ದರ್ಜೆಯದಲ್ಲ. ಉಗುರನ್ನು ಬೆಳ್ಳಿಯ ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಒಳ್ಳೆಯ ಕೆಲಸದಲ್ಲಿ ಅದು ಎಲ್ಲಿಯೂ ತಡೆಯುವುದಿಲ್ಲ. ಕಪ್ಪು ಆಳವಾಗಿಯೂ ಮಂದವಾಗಿಯೂ ಇರಬೇಕು. ಬಣ್ಣ ಬಳಿದಂತೆ ಮೇಲ್ಮೇಲೆ ಮಿನುಗಿದರೆ ಅನುಮಾನಿಸಿ. ಎತ್ತಿದಾಗ ಗಾತ್ರಕ್ಕೆ ತಕ್ಕ ಭಾರವಿಲ್ಲದಿದ್ದರೆ ಏನು ಲೋಹವೆಂದು ಕೇಳಲು ಸಂಕೋಚಪಡಬೇಡಿ. ಬೆಲೆ ಬೆಳ್ಳಿಯ ತೂಕವನ್ನೂ ಕೆಲಸದ ದಿನಗಳನ್ನೂ ಅನುಸರಿಸುತ್ತದೆ. ಚಿಕ್ಕ ವಸ್ತುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಒತ್ತಾದ ತಂತಿಕೆಲಸದ ಹೂಜಿ ಹಲವು ಸಾವಿರ ದಾಟುತ್ತದೆ. ದೊಡ್ಡದೊಂದನ್ನು ಒರಟು ಕೆಲಸದಲ್ಲಿ ಕೊಳ್ಳುವ ಬದಲು ಅದೇ ಹಣಕ್ಕೆ ಅಂಗೈಯಗಲದ ಡಬ್ಬಿಯನ್ನು ಸೂಕ್ಷ್ಮ ಕೆಲಸದಲ್ಲಿ ಕೊಳ್ಳಿರೆಂದು ಸಲಹೆ ಮಾಡುತ್ತೇನೆ. ಈಚೆಗೆ ಬರುತ್ತಿರುವ ಬಿದ್ರಿಯ ಪೆನ್‌ಡ್ರೈವ್, ಮೊಬೈಲ್ ಸ್ಟ್ಯಾಂಡುಗಳ ಬಗ್ಗೆ ನನಗೆ ಉತ್ಸಾಹವಿಲ್ಲ, ಆದರೆ ಕೆಲಸಗಾರರ ಮನೆ ನಡೆಯುವುದು ಅಂಥ ವಸ್ತುಗಳಿಂದಲೂ ಹೌದಾದ್ದರಿಂದ ದೂರುವುದಿಲ್ಲ. ಚೌಕಾಸಿಯನ್ನು ಮಿತಿಯಲ್ಲಿಡಿ. ಮಹಾನಗರಗಳ ಮಳಿಗೆಗಳಲ್ಲಿ ಇದೇ ವಸ್ತು ಎಷ್ಟಕ್ಕೆ ಮಾರಾಟವಾಗುತ್ತದೆಂಬುದನ್ನು ಬಲ್ಲವರು ಇಲ್ಲಿ ಐವತ್ತು ರೂಪಾಯಿಗಾಗಿ ವಾದಿಸಲಾರರು.

ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳು ಊರಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿವೆ, ಆಟೋದವರು ಕಾದಿದ್ದು ಕರೆತರುತ್ತಾರೆ. ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಎಂಬ ಗೋರಿ ಸಿಗುತ್ತದೆ. ಸಾಲಿನಲ್ಲಿ ನಿಂತ ಗುಮ್ಮಟಗಳಲ್ಲಿ ಹುಮಾಯೂನನದು ಸಿಡಿಲು ಬಡಿದು ಸೀಳಿದೆ. ಅವನ ಕ್ರೌರ್ಯಕ್ಕೆ ತಕ್ಕ ಶಿಕ್ಷೆಯೆಂದು ಜನ ಹೇಳುತ್ತಾರೆ, ಗುಮ್ಮಟದ ಗೋಡೆ ಎಷ್ಟು ದಪ್ಪವಿತ್ತೆಂದು ತಿಳಿಯಲು ನಮಗೆ ಅದರಿಂದ ಅನುಕೂಲವಾಗಿದೆ. ಕೋಟೆ ಕಟ್ಟಿಸಿದ ಅಹಮದ್ ಷಾ ವಲಿಯ ಗೋರಿಯ ಒಳಮೈಯೆಲ್ಲ ಬಂಗಾರ, ಕೆಂಪು, ನೀಲಿ ಬಣ್ಣಗಳ ಚಿತ್ತಾರ ಮತ್ತು ಸುಂದರಾಕ್ಷರಗಳಿಂದ ತುಂಬಿದೆ. ಒಳಗೆ ಕತ್ತಲು, ಟಾರ್ಚ್ ಒಯ್ಯದೆ ಹೋದರೆ ಹೋದದ್ದು ವ್ಯರ್ಥ. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎಂದೂ ಲಿಂಗಾಯತರಲ್ಲಿ ಹಲವರು ಅಲ್ಲಮಪ್ರಭುವಿನ ಅವತಾರವೆಂದೂ ನಂಬುತ್ತಾರೆ, ಉರುಸಿಗೆ ಮಾಡಿಯಾಳದ ಜಂಗಮರು ಬರುವ ಸಂಪ್ರದಾಯ ಇಂದಿಗೂ ನಡೆದಿದೆ. ಸಾಧ್ಯವಾದರೆ ಆ ದಿನಗಳಲ್ಲಿಯೇ ಬನ್ನಿ, ಆದರೆ ಜನಜಂಗುಳಿಯಲ್ಲಿ ಚಿತ್ತಾರ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ನಾನಕ್ ಝೀರಾ ಗುರುದ್ವಾರಕ್ಕೆ ಹೋಗದೆ ಬೀದರ್ ಬಿಡುವವರು ಅಪರೂಪ. ಗುರು ನಾನಕರು ಬಂದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತೆಂಬ ನಂಬಿಕೆಯ ಸ್ಥಳವಿದು. 1699ರಲ್ಲಿ ಗುರು ಗೋಬಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಅಂದರೆ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಇದೇ ಬೀದರಿನವರು. ಲಂಗರಿನ, ಅಂದರೆ ಗುರುದ್ವಾರದ ಉಚಿತ ಊಟದ, ರೊಟ್ಟಿ ಮತ್ತು ದಾಲ್ ಸರಳ, ಬಿಸಿ, ಎಲ್ಲರಿಗೂ ಒಂದೇ. ಜೋಳದ ರೊಟ್ಟಿ ಬೇಕೆನ್ನುವವರು ಊರಿನ ಖಾನಾವಳಿಗಳನ್ನು ಹುಡುಕಬೇಕು. ಚಳಿಗಾಲದಲ್ಲಿ ಬಂದರೆ ಸುಟ್ಟ ಎಳೆಜೋಳದ ಸೀತನಿ ಸಿಕ್ಕಿದಲ್ಲಿ ಬಿಡಬೇಡಿ. ಗಾಂಧಿಗಂಜಿನ ಅಂಗಡಿಗಳಲ್ಲಿ ಸುತ್ತಲಿನ ಹೊಲಗಳ ತೊಗರಿ, ಉದ್ದು, ಹೆಸರು ಒಳ್ಳೆಯವು ದೊರೆಯುತ್ತವೆ.

ಸಮಯ ಸಾಲದವರು ಝರಣಿ ನರಸಿಂಹನ ಗುಹೆಯನ್ನು ಬಿಡಬಹುದು. ಎದೆಮಟ್ಟದ ನೀರಿನಲ್ಲಿ, ಬಾವಲಿಗಳ ಕೆಳಗೆ ನಡೆದು ದೇವರನ್ನು ಕಾಣುವುದು ಭಕ್ತರಿಗೆ ದೊಡ್ಡ ಅನುಭವವೇ, ಆದರೆ ಸಾಲು ಉದ್ದವಿದ್ದರೆ ಅರ್ಧ ದಿನ ಅಲ್ಲಿಯೇ ಕಳೆಯುತ್ತದೆ. ನೌಬಾದಿನ ಕಡೆಯ ಕರೇಜ್, ಅಂದರೆ ಪರ್ಷಿಯಾದ ಪದ್ಧತಿಯಂತೆ ನೆಲದಡಿ ಬಂಡೆ ಕೊರೆದು ನೀರು ಹರಿಸಿದ ಸುರಂಗ ಕಾಲುವೆ, ಎಂಜಿನಿಯರಿಂಗಿನಲ್ಲಿ ಆಸಕ್ತಿಯಿರುವವರಿಗೆ ಮಾತ್ರ. ಬಿದ್ರಿ ಕೊಂಡವರಿಗೆ ಒಂದು ಸೂಚನೆ: ಅದನ್ನು ಹುಣಸೆಹಣ್ಣಿನಿಂದಲೋ ಪಾತ್ರೆ ತೊಳೆಯುವ ಪುಡಿಯಿಂದಲೋ ತಿಕ್ಕಬೇಡಿ, ಬೆಳ್ಳಿಯ ಮೇಲಿನ ಕೊಳೆಯ ಜೊತೆ ಲೋಹದ ಕಪ್ಪೂ ಹೋಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಗೀಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕಪ್ಪು ತೀರ ಮಾಸಿದರೆ ಮಾಡಿದವರ ಬಳಿಗೇ ಒಯ್ಯಿರಿ, ಅದೇ ಮಣ್ಣು ಬಳಿದು ಮತ್ತೆ ಕಪ್ಪೇರಿಸಿ ಕೊಡುತ್ತಾರೆ.